ಒಂದೇ ದಾರಿ, ಮೂರು ಸೈಕಲ್: 47ರಲ್ಲಿ ಆಫೀಸಿಗೆ ತುಳಿದು ನೋಡಿದ್ದು

ಮನೆಯಿಂದ ಆಫೀಸಿಗೆ 9 ಕಿಲೋಮೀಟರ್. ನಡುವೆ ಒಂದು ಉದ್ದನೆಯ ಏರು, ಎರಡು ಕಡೆ ಗುಂಡಿ ಬಿದ್ದ ರಸ್ತೆ. ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತಿತ್ತು, ಅದಕ್ಕೇ 47ನೇ ವಯಸ್ಸಿನಲ್ಲಿ ಮತ್ತೆ ಸೈಕಲ್ ಹಿಡಿದೆ. ಎಂಟು ತಿಂಗಳಲ್ಲಿ ಮೂರು ಬಗೆಯವನ್ನು ಇದೇ ದಾರಿಯಲ್ಲಿ, ಇದೇ ಲ್ಯಾಪ್‌ಟಾಪ್ ಹೊತ್ತು ಓಡಿಸಿದ್ದೇನೆ: ಮೌಂಟನ್ ಬೈಕ್, ಹೈಬ್ರಿಡ್ (ರೋಡ್ ಬೈಕಿಗೂ ಮೌಂಟನ್ ಬೈಕಿಗೂ ನಡುವಿನದು), ಎಲೆಕ್ಟ್ರಿಕ್.

ಮೊದಲು ಮೌಂಟನ್ ಬೈಕ್. ದಪ್ಪ ಟೈರು, ಮುಂದೆ ಸಸ್ಪೆನ್ಷನ್. ಗುಂಡಿಗೆ ಇಳಿದರೂ ಕೈ ಅದುರುವುದಿಲ್ಲ, ಧೈರ್ಯ ಬರುತ್ತದೆ. ಆದರೆ ನುಣುಪಾದ ಟಾರು ರಸ್ತೆಯಲ್ಲಿ ಆ ಗುಬುಟು ಟೈರು ಗುಂಯ್ ಅನ್ನುತ್ತಾ ಹಿಂದಕ್ಕೆ ಎಳೆಯುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿದರೆ ಮುಂದಿನ ಫೋರ್ಕ್ (ಮುಂಚಕ್ರ ಹಿಡಿದಿರುವ ಕವಲು) ಕುಗ್ಗಿ ಏಳುತ್ತದೆ, ಒಂದಷ್ಟು ಬಲ ಅಲ್ಲೇ ಹೋಗುತ್ತದೆ. ಒಂದು ಕಡೆಗೆ 40 ನಿಮಿಷ. ಮೂರನೇ ವಾರಕ್ಕೆ ಮಂಡಿಯ ಮುಂಭಾಗ ನೋಯತೊಡಗಿತು. ವಯಸ್ಸಾಯ್ತು, ಇನ್ನು ಬಿಟ್ಟುಬಿಡೋಣ ಅಂದುಕೊಂಡಿದ್ದೆ.

ತಪ್ಪು ವಯಸ್ಸಿನದಲ್ಲ, ಸೀಟಿನದು. ತೀರಾ ತಗ್ಗಿನಲ್ಲಿತ್ತು. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೆಟ್ಟಗಾಗಬೇಕು. ಹಾಗಿದ್ದರೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪ ಮಾತ್ರ ಬಾಗುತ್ತದೆ. ನಾನು 4 ಸೆಂಟಿಮೀಟರ್ ಏರಿಸಬೇಕಾಯಿತು. ಇನ್ನೊಂದು ತಪ್ಪು ಗೇರಿನದು. ಭಾರದ ಗೇರಿನಲ್ಲಿ ನಿಧಾನವಾಗಿ ಒತ್ತಿ ಒತ್ತಿ ತುಳಿಯುತ್ತಿದ್ದೆ. ಈಗ ಹಗುರ ಗೇರು ಹಾಕಿ ಬಲಮಂಡಿ ಎಷ್ಟು ಸಲ ಮೇಲೆ ಬಂತು ಅಂತ 15 ಸೆಕೆಂಡ್ ಎಣಿಸುತ್ತೇನೆ. 18ರಿಂದ 20 ಬಂದರೆ ಸರಿ, ಅಂದರೆ ನಿಮಿಷಕ್ಕೆ 72ರಿಂದ 80 ಸುತ್ತು. ಹತ್ತು ದಿನದಲ್ಲಿ ನೋವು ಹೋಯಿತು. ನಿಮ್ಮದು ಯಾವ ಸೈಕಲ್ ಆದರೂ ಮೊದಲು ಇದನ್ನು ನೋಡಿಕೊಳ್ಳಿ.

ಆಮೇಲೆ ಹೈಬ್ರಿಡ್ ತಗೊಂಡೆ. ಟೈರು 38 ಮಿಲಿಮೀಟರ್, ಸಸ್ಪೆನ್ಷನ್ ಇಲ್ಲ, ತೂಕವೂ ಕಡಿಮೆ. ಮೊದಲ ದಿನವೇ 40 ನಿಮಿಷ 32ಕ್ಕೆ ಇಳಿಯಿತು. ತುಳಿದಷ್ಟೂ ಮುಂದೆ ಹೋಗುತ್ತದೆ, ಆ ಖುಷಿಯೇ ಬೇರೆ. ಗುಂಡಿಯಲ್ಲಿ ಮಾತ್ರ ಅಂಗೈಗೆ ಏಟು ಬೀಳುತ್ತದೆ. ಮೊದಲ ವಾರ ಬೆರಳು ಜೋಮು ಹಿಡಿಯುತ್ತಿತ್ತು. ಮೊಣಕೈ ಸಡಿಲ ಬಿಟ್ಟು, ಗಾಳಿಯನ್ನು ಸ್ವಲ್ಪ ಇಳಿಸಿದ ಮೇಲೆ ಕಡಿಮೆಯಾಯಿತು. ಎಷ್ಟರಿಂದ ಎಷ್ಟರವರೆಗೆ ಗಾಳಿ ಹೊಡೆಯಬಹುದು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ, ಅದರೊಳಗೇ ಇರಲಿ. ಬ್ಯಾಗನ್ನು ಬೆನ್ನಿನಿಂದ ಇಳಿಸಿ ಹಿಂದಿನ ಕ್ಯಾರಿಯರ್‌ಗೆ ಕಟ್ಟಿದ್ದೂ ಆಗಲೇ. ಬೆನ್ನಿನ ಬೆವರು ಅರ್ಧಕ್ಕರ್ಧ ಕಡಿಮೆ.

ದೇಹದಲ್ಲಿ ಬದಲಾವಣೆ ಕಂಡದ್ದು ಹೈಬ್ರಿಡ್‌ನಲ್ಲೇ. ಎರಡು ತಿಂಗಳು ತೂಕ ಅಲ್ಲಾಡಲಿಲ್ಲ, ಬೆಲ್ಟು ಮಾತ್ರ ಒಂದು ತೂತು ಒಳಗೆ ಬಂತು. ಬೆಳಗ್ಗೆ ಎದ್ದಾಗಿನ ನಾಡಿ 78ರಿಂದ 69ಕ್ಕೆ ಇಳಿಯಿತು.

ಎಲೆಕ್ಟ್ರಿಕ್ ಸೈಕಲ್ ಗೆಳೆಯನದು, ಐದು ವಾರ ನನ್ನ ಹತ್ತಿರ ಇತ್ತು. ನಾವು ತುಳಿದರೆ ಮಾತ್ರ ಮೋಟಾರ್ ಜೊತೆಗೂಡುವ ಬಗೆ. ಇದರಿಂದ ವ್ಯಾಯಾಮ ಆಗಲ್ಲ ಅಂತ ನಾನೂ ನಂಬಿದ್ದೆ. ಲೆಕ್ಕ ಬೇರೆಯೇ ಹೇಳಿತು. ಅದೇ ಏರಿನಲ್ಲಿ ಹೈಬ್ರಿಡ್ ಮೇಲೆ ಎದೆಬಡಿತ 150 ದಾಟುತ್ತಿತ್ತು, ಇದರಲ್ಲಿ 120ರ ಹತ್ತಿರ. 220ರಲ್ಲಿ ವಯಸ್ಸು ಕಳೆದರೆ ನನ್ನ ಗರಿಷ್ಠ ಅಂದಾಜು 173. ಅದಕ್ಕೆ 120 ಅಂದರೆ ಮಧ್ಯಮ ಶ್ರಮ, ಸುಮ್ನೆ ಕೂತ ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150ರಿಂದ 300 ನಿಮಿಷ ಇಂಥ ಶ್ರಮ. ಹೈಬ್ರಿಡ್‌ನಲ್ಲಿ ವಾರಕ್ಕೆ ಮೂರು ದಿನ ಹೋಗುತ್ತಿದ್ದೆ: 192 ನಿಮಿಷ. ಎಲೆಕ್ಟ್ರಿಕ್‌ನಲ್ಲಿ ಒಂದು ಕಡೆಗೆ 26 ನಿಮಿಷವೇ ಆದರೂ ಐದೂ ದಿನ ಹೋದೆ: 260. ಎದುರುಗಾಳಿ ಇದ್ದ ದಿನವೂ ಮನೆಯಿಂದ ಹೊರಡೋಕೆ ಮನಸ್ಸು ಬರುತ್ತಿತ್ತು, ಅದು ದೊಡ್ಡ ವಿಷಯ ಅಲ್ವಾ? ತೊಂದರೆ ತೂಕದ್ದು. ಒಂದು ಸಂಜೆ ಏರಿನ ಮಧ್ಯೆ ಬ್ಯಾಟರಿ ಮುಗಿದಾಗ ಅದನ್ನು ತುಳಿಯಲಾಗದೆ ತಳ್ಳಿಕೊಂಡೇ ಹೋದೆ. ಮೆಟ್ಟಿಲು ಹತ್ತಿಸುವುದಂತೂ ಬೇಡ.

ನಾನು ಇಟ್ಟುಕೊಂಡದ್ದು ಹೈಬ್ರಿಡ್. 9 ಕಿಲೋಮೀಟರ್‌ಗೆ ಅದು ಸಾಕು, ಶ್ರಮವೂ ಜಾಸ್ತಿ ಸಿಗುತ್ತದೆ. ದಾರಿ 15 ದಾಟಿದರೆ, ಏರು ಜಾಸ್ತಿ ಇದ್ದರೆ, ಎಷ್ಟೋ ವರ್ಷ ಮೈ ಬಗ್ಗಿಸದೆ ಇದ್ದವರಾದರೆ ಎಲೆಕ್ಟ್ರಿಕ್ ತಗೊಳ್ಳಿ ಅಂತಲೇ ಹೇಳುತ್ತೇನೆ. ಬಿಪಿ ಮಾತ್ರೆ ತಗೊಳ್ಳುವವರು ಮೊದಲು ವೈದ್ಯರನ್ನು ಕೇಳಿ. ಕೆಲವು ಮಾತ್ರೆಗಳು ಎದೆಬಡಿತ ಇಳಿಸುತ್ತವೆ, ಮೇಲಿನ ಲೆಕ್ಕ ಅವರಿಗೆ ಹೊಂದುವುದಿಲ್ಲ.

ಮೌಂಟನ್ ಬೈಕ್ ಮಾರಿಲ್ಲ. ನುಣುಪು ಟೈರು, ಮಡ್‌ಗಾರ್ಡ್ ಹಾಕಿಸಿ ಮಳೆದಿನಕ್ಕೆ ಇಟ್ಟಿದ್ದೇನೆ. ಟೈರು ಬದಲಿಸಿದ್ದಕ್ಕೇ 40 ನಿಮಿಷ 36ಕ್ಕೆ ಬಂತು. ನಿಮ್ಮ ಮನೆಯಲ್ಲೂ ಅಂಥದ್ದೊಂದು ನಿಂತಿದ್ದರೆ, ಹೊಸದಕ್ಕೆ ದುಡ್ಡು ಹಾಕುವ ಮೊದಲು ಸೀಟು ಏರಿಸಿ, ಟೈರು ಬದಲಿಸಿ, ಒಂದು ತಿಂಗಳು ಓಡಿಸಿ ನೋಡಿ.