ತೇಲುವ ಮೆಟ್ಟಿಲು: ಗೋಡೆಯ ಆಸರೆಯೋ, ನಡುವಿನ ಬೀಮೋ?

ನೋಡೋಕೆ ಗೋಡೆಯಿಂದ ಚಾಚಿದ ಮೆಟ್ಟಿಲುಗಳೇ ಚೆಂದ, ಅಲ್ವಾ? ಕೆಳಗೆ ಯಾವ ಆಸರೆಯೂ ಕಾಣಿಸುವುದಿಲ್ಲ. ಆದರೆ ಭಾರವೆಲ್ಲ ಗೋಡೆಯ ಮೇಲೆ. ಗಟ್ಟಿ ಕಾಂಕ್ರೀಟ್ ಗೋಡೆ ಅಥವಾ ಒಳಗೆ ಅಡಗಿಸಿದ ಸ್ಟೀಲ್ ಫ್ರೇಮ್ ಬೇಕೇ ಬೇಕು. ಈಗಾಗಲೇ ಕಟ್ಟಿದ ಮನೆಗೆ ಮೆಟ್ಟಿಲುಗಳ ಕೆಳಗೆ, ನಡುವೆ ಒಂದೇ ಸ್ಟೀಲ್ ಬೀಮ್ ಇರುವುದು ವಾಸಿ. ಗೋಡೆ ಒಡೆಯುವ ಗೋಜಿಲ್ಲ.

ಮೆಟ್ಟಿಲ ಪಕ್ಕದ ತಡೆಗೆ (ರೇಲಿಂಗ್) ಹಾಕುವ ಗಾಜಿನಲ್ಲಿ ಮಾತ್ರ ರಾಜಿ ಬೇಡ. ಬರೀ ಟಫನ್ಡ್ ಗಾಜು (ಕಾಯಿಸಿ, ತಟ್ಟನೆ ತಣಿಸಿ ಗಟ್ಟಿ ಮಾಡಿದ್ದು) ಒಡೆದರೆ ಚೂರುಚೂರಾಗಿ ಉದುರುತ್ತದೆ, ತಡೆಯೇ ಇಲ್ಲದಂತಾಗುತ್ತದೆ. ಟಫನ್ಡ್ ಲ್ಯಾಮಿನೇಟೆಡ್ ಗಾಜಿನಲ್ಲಿ ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ, ಒಡೆದರೂ ಚೂರುಗಳು ಅದಕ್ಕೆ ಅಂಟಿಕೊಂಡೇ ಇರುತ್ತವೆ. ಬೆಲೆ ಜಾಸ್ತಿ, ಆದರೂ ಇದನ್ನೇ ಹಾಕಿಸಿ. ಟಫನ್ ಮಾಡಿದ ಗಾಜನ್ನು ಆಮೇಲೆ ಕತ್ತರಿಸಲು, ಕೊರೆಯಲು ಆಗುವುದಿಲ್ಲ. ಹಾಗಾಗಿ ಮೆಟ್ಟಿಲು ಕೂರಿಸಿದ ಮೇಲೆಯೇ ಅಳತೆ ತೆಗೆಸಿ. ಪುಟ್ಟ ಮಕ್ಕಳಿದ್ದರೆ ಮೆಟ್ಟಿಲುಗಳ ನಡುವಿನ ಸಂದು 100 ಮಿ.ಮೀ.ಗಿಂತ ಕಡಿಮೆ ಇರಲಿ.