ಡ್ರಮ್ಮಿನ ಚೀಟಿಯ ಅಡಿಯಲ್ಲಿ ಇನ್ನೊಂದು ಚೀಟಿ ಇತ್ತು: ದ್ರಾವಕ ಕೊಳ್ಳುವವರೇ, ಎಚ್ಚರ

"ಇದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ" ಎಂದು ಹೇಳಿ ಯಾರಾದರೂ ನಿಮ್ಮ ಕಾರ್ಖಾನೆಗೆ ದ್ರಾವಕದ ಡ್ರಮ್ ಇಳಿಸಿದ್ದರೆ, ಮೊದಲು ಹೋಗಿ ಅದರ ಚೀಟಿಯ ಅಂಚಿನ ಮೇಲೆ ಬೆರಳಾಡಿಸಿ. ಉಬ್ಬಿದೆಯೇ? ಒಂದರ ಮೇಲೊಂದು ಅಂಟಿಸಿದ ಹಾಗಿದೆಯೇ? ನಮಗೆ ಇದು ತಿಳಿದದ್ದು ಒಬ್ಬ ಹುಡುಗನ ಕಾಲು ಸುಟ್ಟ ಮೇಲೆ.

ಯಂತ್ರದ ಬಿಡಿಭಾಗಗಳ ಜಿಡ್ಡು ತೊಳೆಯುವುದು ನಮ್ಮ ವಿಭಾಗದ ಕೆಲಸ. ನಾವು ಕೇಳಿದ್ದು, ಕೇಳಿ ಬರವಣಿಗೆಯಲ್ಲಿ ಪಡೆದದ್ದು ಒಂದೇ ಷರತ್ತು: ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ದ್ರವದಿಂದ ಏಳುವ ಕನಿಷ್ಠ ಉಷ್ಣತೆ, 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು. ಮಾರಾಟಗಾರರು ಕಳಿಸಿದ ಸುರಕ್ಷತಾ ಮಾಹಿತಿ ಪತ್ರದ ಒಂಬತ್ತನೇ ವಿಭಾಗದಲ್ಲಿ 62 ಡಿಗ್ರಿ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅಂದರೆ ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ, ಬಿಸಿ ಮಾಡದೆ, ಸಿಂಪಡಿಸದೆ ಬಳಸಿದರೆ, ತೊಟ್ಟಿಯ ಮೇಲೆ ಕಿಡಿ ತಗುಲಿ ಹೊತ್ತಿಕೊಳ್ಳುವಷ್ಟು ಆವಿ ಏಳುವುದಿಲ್ಲ. ಗ್ರೈಂಡರ್ ಎಷ್ಟು ದೂರದಲ್ಲಿರಬೇಕು, ಯಾವ ಬಗೆಯ ಸ್ವಿಚ್ಚು ಮತ್ತು ಫ್ಯಾನು ಹಾಕಬೇಕು, ಯಾವ ಪಾತ್ರೆಗೆ ಸುರಿಯಬೇಕು, ಒಮ್ಮೆಗೆ ಎಷ್ಟು ಲೀಟರ್ ಹೊರಗೆ ತೆಗೆಯಬೇಕು ಎಂಬುದೆಲ್ಲ ಆ ಒಂದು ಅಂಕಿಯ ಮೇಲೆ ನಿಂತಿತ್ತು. ತಂಡದವರ ಮುಂದೆ ನಿಂತು ಆ ಪತ್ರವನ್ನು ಓದಿ ಹೇಳಿದ್ದು ನಾನು. ಅವರ ಸುಳ್ಳನ್ನು ನನ್ನ ಬಾಯಿಂದ ಹೇಳಿಸಿದರಲ್ಲ, ಆ ಅವಮಾನ ಇನ್ನೂ ಹೋಗಿಲ್ಲ.

ಮೊದಲ ಸರಬರಾಜಿನಲ್ಲಿ ತೊಂದರೆಯಿರಲಿಲ್ಲ. ಅದು ನಿಧಾನವಾಗಿ ಆರುತ್ತಿತ್ತು, ಲೋಹದ ಮೇಲೆ ಸ್ವಲ್ಪ ಎಣ್ಣೆಯಂಥ ಪಸೆ ಉಳಿಸುತ್ತಿತ್ತು. ಆಮೇಲೆ ಬಂದ ಡ್ರಮ್ಮುಗಳದ್ದು ಬೇರೆಯೇ ಸ್ವಭಾವ. ಒರೆಸುವ ಮೊದಲೇ ಆರಿಹೋಗುತ್ತಿತ್ತು. ಕೈಗವಸಿನ ಮೇಲೆ ಹನಿ ಬಿದ್ದರೆ ಒಳಗಿನ ಬೆರಳು ತಣ್ಣಗಾಗುತ್ತಿತ್ತು. ತುಸು ಸಿಹಿಯಾದ ಘಾಟು. ಶಿಫ್ಟ್ ಮುಗಿಯುವ ಹೊತ್ತಿಗೆ ತಲೆ ಭಾರ ಎಂದು ಇಬ್ಬರು ದೂರಿದರು. ನಾನು ತಕ್ಷಣ ಫೋನ್ ಮಾಡಿದೆ. ಬಂದ ಉತ್ತರ: "ಗುಣಮಟ್ಟ ಸುಧಾರಿಸಿದ್ದೇವೆ, ಬೇಗ ಆರುತ್ತದೆ, ನಿಮ್ಮ ಕೆಲಸವೂ ಬೇಗ ಆಗುತ್ತದೆ. ಖುಷಿಪಡುವುದು ಬಿಟ್ಟು ದೂರುತ್ತೀರಲ್ಲ?" ಈ ಬ್ಯಾಚಿನದ್ದೇ ಮಾಹಿತಿ ಪತ್ರ ಬೇಕು ಎಂದು ಪಟ್ಟು ಹಿಡಿದೆ. ಮರುದಿನ ಬಂತು. ಅದೇ 62. ಜೊತೆಗೆ "ಸಂಯೋಜನೆಯಲ್ಲಿ ಬದಲಾವಣೆ ಇಲ್ಲ" ಎಂಬ ಒಂದು ಸಾಲು. ಬರೆದು ಕೊಟ್ಟಿದ್ದರು! ಬರೆದೇ ಕೊಟ್ಟಿದ್ದರು!

ಬೆಂಕಿ ಡ್ರಮ್ಮಿನ ಬಳಿ ಹುಟ್ಟಲಿಲ್ಲ, ಇದನ್ನು ಎಲ್ಲರೂ ಗಮನಿಸಬೇಕು. ಅದು ಹುಟ್ಟಿದ್ದು ಆಚೆ ತುದಿಯ ಗ್ರೈಂಡರ್ ಬಳಿ. ಅಲ್ಲಿಂದ ನೆಲದ ಮಟ್ಟದಲ್ಲೇ ಒಂದು ಜ್ವಾಲೆ ತೊಳೆಯುವ ತೊಟ್ಟಿಯ ಕಡೆಗೆ ಓಡಿ ಬಂತು. ಕೂಗುವುದಕ್ಕೂ ವ್ಯವಧಾನ ಕೊಡಲಿಲ್ಲ. ತೊಟ್ಟಿ ಭಗ್ಗೆಂದಿತು, ಕಪ್ಪು ಹೊಗೆ ಸೂರಿಗೆ ಮುಟ್ಟಿತು. ನಡುವೆ ನಿಂತಿದ್ದ ಹುಡುಗನ ಪ್ಯಾಂಟಿನ ಅಂಚು ಹೊತ್ತಿಕೊಂಡಿತು. ಒಬ್ಬರು ನೀರಿನ ಬಕೆಟ್ ಎತ್ತಿಕೊಂಡು ತೊಟ್ಟಿಯತ್ತ ಓಡಿದರು, ಹಿರಿಯ ಕೆಲಸಗಾರರೊಬ್ಬರು ಅಡ್ಡ ನಿಂತು ತಡೆದರು. ತಡೆಯದಿದ್ದರೆ ಉರಿಯುವ ದ್ರವ ನೀರಿನ ಮೇಲೆ ತೇಲಿ ಇಡೀ ನೆಲಕ್ಕೆ ಹರಡುತ್ತಿತ್ತು. ಒಣ ಪುಡಿಯ ನಂದಕದಿಂದ ಬೆಂಕಿ ಆರಿತು. ನೀರು ಬೇಕಾದದ್ದು ಹುಡುಗನ ಕಾಲಿಗೆ. ಇಪ್ಪತ್ತು ನಿಮಿಷ ನಲ್ಲಿಯ ಕೆಳಗೆ ಹಿಡಿದು ಆಸ್ಪತ್ರೆಗೆ ಕರೆದೊಯ್ದೆವು.

ಆ ಸಂಜೆ ಡ್ರಮ್ಮಿನ ಬಳಿ ನಿಂತಿದ್ದೆ. ಬಿಸಿಗೆ ಚೀಟಿಯ ಒಂದು ಮೂಲೆ ಸುರುಳಿಯಾಗಿ ಎದ್ದಿತ್ತು. ಎಳೆದೆ. ಕೆಳಗೆ ಕೆಂಪು ಅಂಚಿನ ವಜ್ರಾಕೃತಿ, ಒಳಗೆ ಜ್ವಾಲೆಯ ಗುರುತು, ಪಕ್ಕದಲ್ಲಿ ಯುಎನ್ 1294. ಅಪಾಯಕಾರಿ ಸರಕುಗಳನ್ನು ಗುರುತಿಸುವ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದು ಟೊಲ್ಯೂಯಿನ್ ಎಂಬ, ಬೇಗ ಆವಿಯಾಗುವ ದ್ರಾವಕದ ಸಂಖ್ಯೆ. ಅದರ ಫ್ಲ್ಯಾಶ್ ಪಾಯಿಂಟ್ 62 ಅಲ್ಲ, 4 ಡಿಗ್ರಿ! ಚಳಿಗಾಲದ ಬೆಳಿಗ್ಗೆಯೂ ಹೊತ್ತಿಕೊಳ್ಳಬಲ್ಲ ದ್ರವ. ಅದರ ಆವಿ ಗಾಳಿಗಿಂತ ಮೂರು ಪಟ್ಟು ಭಾರ, ಹಾಗಾಗಿ ಮೇಲೇಳದೆ ನೆಲ ಹಿಡಿದು ತೆವಳುತ್ತದೆ. ಎತ್ತರದ ಕಿಟಕಿಗಳು ತೆರೆದಿದ್ದರೂ ಅದಕ್ಕೆ ಲೆಕ್ಕವಿಲ್ಲ. ಗಾಳಿಯಲ್ಲಿ ಶೇಕಡಾ 1.1ರಷ್ಟು ಸೇರಿದರೆ ಒಂದು ಕಿಡಿ ಸಾಕು. 62ರ ದ್ರವಕ್ಕೆ ಸರಿಯಾಗಿದ್ದ ನಮ್ಮ ಗ್ರೈಂಡರಿನ ದೂರ ಈ ದ್ರವಕ್ಕೆ ಏನೇನೂ ಸಾಲದು. ಆಮೇಲೆ ಪ್ರಯೋಗಾಲಯಕ್ಕೆ ಕಳಿಸಿದ ಮಾದರಿಯ ವರದಿಯೂ ಅದನ್ನೇ ಹೇಳಿತು. ಆದರೆ ನನಗೆ ಆ ಚೀಟಿ ಕಿತ್ತ ಗಳಿಗೆಯೇ ಸಾಕಾಗಿತ್ತು. ಯಾರೋ ಒಬ್ಬರು ಎಚ್ಚರಿಕೆಯ ಗುರುತನ್ನು ನೋಡಿ, ಅದರ ಅರ್ಥ ತಿಳಿದೇ, ಅಳತೆಗೆ ಸರಿಯಾಗಿ ಇನ್ನೊಂದು ಕಾಗದ ಕತ್ತರಿಸಿ ಮುಚ್ಚಿದ್ದಾರೆ. ಇದಕ್ಕೆ ಕೈತಪ್ಪು ಎಂಬ ಹೆಸರಿಲ್ಲ.

ಇನ್ನು ಅವರ ಉತ್ತರಗಳನ್ನು ಕೇಳಿ. ಮೊದಲನೆಯದು: "ನಿಮ್ಮವರು ಮೊಬೈಲ್ ಬಳಸುತ್ತಿದ್ದರೇನೋ." ಫೋಟೋ ಕಳಿಸಿದ ಮೇಲೆ: "ಹಳೆಯ ಡ್ರಮ್ ಮರುಬಳಕೆ ಮಾಡಿದ್ದೇವೆ, ಒಳಗಿನ ಸರಕು ಬೇರೆ." ಪ್ರಯೋಗಾಲಯದ ವರದಿ ಕಳಿಸಿದ ಮೇಲೆ: "ದ್ರಾವಕ ಎಂದ ಮೇಲೆ ಹೊತ್ತಿಕೊಳ್ಳುತ್ತದೆ, ಇಷ್ಟು ವರ್ಷದ ಅನುಭವ ಇರುವ ನಿಮಗೆ ಗೊತ್ತಿರಬೇಕಿತ್ತು." ಹೊತ್ತಿಕೊಳ್ಳುವುದಿಲ್ಲ ಎಂದು ಮಾರಿದ ಬಾಯಿಯೇ ಹೀಗೆ ಹೇಳಿತು! ಹುಡುಗನ ಕಾಲು ಹೇಗಿದೆ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಕೊನೆಗೆ ದನಿ ಮೆತ್ತಗಾಯಿತು: ಹೊಸ ಡ್ರಮ್ಮುಗಳನ್ನು ಉಚಿತವಾಗಿ ಕಳಿಸುತ್ತೇವೆ, ಹಳೆಯದನ್ನು ವಾಪಸ್ ಕೊಡಿ, ಫೋಟೋಗಳನ್ನು ಅಳಿಸಿ. ಅವರಿಗೆ ಬೇಕಾಗಿದ್ದದ್ದು ಆ ಚೀಟಿ. ನಾನು ಕೊಡಲಿಲ್ಲ, ಕೊಡುವುದೂ ಇಲ್ಲ.

ನೀವು ಮಾಡಬೇಕಾದದ್ದು ಹೆಚ್ಚೇನಿಲ್ಲ. ಡ್ರಮ್ಮಿನ ಚೀಟಿ, ಬಿಲ್ಲು, ಮಾಹಿತಿ ಪತ್ರ ಮೂರರಲ್ಲೂ ಒಂದೇ ಹೆಸರು, ಒಂದೇ ಬ್ಯಾಚ್ ಸಂಖ್ಯೆ ಇಲ್ಲದಿದ್ದರೆ ಲಾರಿಯಿಂದ ಇಳಿಸಿಕೊಳ್ಳಬೇಡಿ. ಮಾಹಿತಿ ಪತ್ರದ ಮೂರನೇ ವಿಭಾಗದಲ್ಲಿ ಘಟಕಗಳ ಜಾಗದಲ್ಲಿ ಬರೀ "ವ್ಯಾಪಾರ ರಹಸ್ಯ" ಎಂದಿದ್ದರೆ ಆ ಪತ್ರವನ್ನು ವಾಪಸ್ ಕಳಿಸಿ. ನಮಗೆ ಬಂದದ್ದರಲ್ಲಿ ಹಾಗೇ ಇತ್ತು. ಟೊಲ್ಯೂಯಿನ್‌ನ ಸಿಎಎಸ್ ಸಂಖ್ಯೆ, ಅಂದರೆ ಪ್ರತಿ ರಾಸಾಯನಿಕಕ್ಕೂ ಪ್ರತ್ಯೇಕವಾಗಿರುವ ಗುರುತಿನ ಸಂಖ್ಯೆ, 108-88-3, ಬರೆದಿಟ್ಟುಕೊಳ್ಳಿ. ದ್ರವದ ವಾಸನೆಯೋ ಆರುವ ವೇಗವೋ ಬದಲಾಗಿದೆ ಎಂದು ಕೆಲಸಗಾರರು ಹೇಳಿದರೆ ಆ ಡ್ರಮ್ ಮುಚ್ಚಿ, ಮಾರಾಟಗಾರರ ಸಮಾಧಾನದ ಮಾತಿಗೆ ಕಾಯದೆ ಬೇರೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ನಿಜಕ್ಕೂ ಟೊಲ್ಯೂಯಿನ್‌ನಂಥದ್ದನ್ನೇ ಬಳಸುವುದಾದರೆ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯಲೇಬೇಡಿ. ಹರಿಯುವಾಗಲೇ ಅದರಲ್ಲಿ ಸ್ಥಾಯಿ ವಿದ್ಯುತ್ ಕೂಡಿಕೊಳ್ಳುತ್ತದೆ. ಲೋಹದ ಪಾತ್ರೆ, ಡ್ರಮ್ಮಿಗೂ ಆ ಪಾತ್ರೆಗೂ ನಡುವೆ ತಂತಿಯ ಜೋಡಣೆ, ಭೂಸಂಪರ್ಕ, ನೆಲಮಟ್ಟದಿಂದ ಆವಿ ಎಳೆಯುವ ವ್ಯವಸ್ಥೆ ಇಲ್ಲದೆ ಮುಚ್ಚಳ ತೆರೆಯಬೇಡಿ.

ಸುರಕ್ಷತಾ ಅಧಿಕಾರಿಗಳಿಗೆ ಲಿಖಿತ ದೂರು ಕೊಟ್ಟಾಗಿದೆ. ಡ್ರಮ್ಮನ್ನು ಮೊಹರು ಮಾಡಿ ಬೀಗ ಹಾಕಿಟ್ಟಿದ್ದೇವೆ. ಆ ಮಾರಾಟಗಾರರು ನಿನ್ನೆಯೂ ಸಂದೇಶ ಕಳಿಸಿದ್ದರು: "ಖಾಲಿ ಡ್ರಮ್ ಯಾವಾಗ ಕಳಿಸುತ್ತೀರಿ?"