ಮನೆಯಲ್ಲೇ ಮಾಡಿಕೊಂಡ ಮರ ಹತ್ತುವ ಸಲಕರಣೆ: ಆರು ವರ್ಷ ಬಳಸಿದ ಮೇಲೆ

ಒಣ ಕೊಂಬೆ ಇಳಿಸುವುದು, ಎತ್ತರದ ಮರ ಸವರುವುದು ನನ್ನ ಕೆಲಸ. ಹಗ್ಗ, ಹಾರ್ನೆಸ್ (ಸೊಂಟಕ್ಕೂ ತೊಡೆಗೂ ಕಟ್ಟಿಕೊಳ್ಳುವ ಪಟ್ಟಿ), ಕ್ಯಾರಬಿನರ್ (ಬಾಯಿ ಮುಚ್ಚುವ ಲೋಹದ ಕೊಂಡಿ) ಮೂರನ್ನೂ ಕೊಂಡಿದ್ದೇನೆ. ಮೇಲೇರಲು ಬಳಸುವ ಉಳಿದ ಸಾಮಾನಿನಲ್ಲಿ ಅರ್ಧದಷ್ಟು ನಾನೇ ಮಾಡಿಕೊಂಡದ್ದು. ಆರು ವರ್ಷದಲ್ಲಿ ಕೆಲವು ತುಂಬಾ ಚೆನ್ನಾಗಿ ಬಾಳಿದವು. ಒಂದನ್ನಂತೂ ಮಾಡಲೇಬಾರದಿತ್ತು.

ಮೊದಲು ಮೊಣಕಾಲಿನ ಅಸೆಂಡರ್ ಬಗ್ಗೆ ಹೇಳುತ್ತೇನೆ, ನನಗೆ ಅತಿ ಹೆಚ್ಚು ಉಪಯೋಗವಾದದ್ದು ಅದೇ. ಅಸೆಂಡರ್ ಅಂದರೆ ಹಗ್ಗದ ಮೇಲೆ ಮೇಲಕ್ಕಷ್ಟೇ ಜಾರುವ, ಭಾರ ಬಿದ್ದರೆ ಕಚ್ಚಿಕೊಳ್ಳುವ ಹಿಡಿಕೆ. ಹಗ್ಗವನ್ನು ಕವಲಿನ ಮೇಲೆ ಹಾಯಿಸಿ ಎರಡೆಳೆಯಲ್ಲಿ ಹತ್ತಿದರೆ ಒಂದು ಅಡಿ ಮೇಲೇರಲು ಎರಡು ಅಡಿ ಹಗ್ಗ ಎಳೆಯಬೇಕು. ಎರಡು ಮರ ಮುಗಿಯುವಷ್ಟರಲ್ಲಿ ತೋಳು ಸೋತು ಹೋಗುತ್ತದೆ. ಹಗ್ಗದ ಒಂದು ತುದಿ ಬಿಗಿದು ಒಂದೇ ಎಳೆಯಲ್ಲಿ ಹತ್ತಿದರೆ ಭಾರವೆಲ್ಲ ಕಾಲಿಗೆ ಬರುತ್ತದೆ, ಮೆಟ್ಟಿಲು ಹತ್ತಿದ ಹಾಗೆ. ಬಲಗಾಲಿನ ಬೂಟಿಗೆ ಒಂದು ಹಿಡಿಕೆ, ಎಡಗಾಲಿಗೆ ಮೊಣಕಾಲಿನ ಮಟ್ಟದಲ್ಲಿ ಇನ್ನೊಂದು. ಎಡಗಾಲು ಎತ್ತಿದಾಗ ಹಿಡಿಕೆ ತಾನಾಗಿಯೇ ಮೇಲೆ ಜಾರಬೇಕು. ಅದನ್ನು ಎಳೆಯಲು ಭುಜದಿಂದ ಒಂದು ಎಲಾಸ್ಟಿಕ್ ಹಗ್ಗ ಬೇಕು.

ಹಗ್ಗ ಕಚ್ಚುವ ಹಲ್ಲಿನ ಭಾಗವನ್ನು ಕೊಂಡೆ. ಕಾಲಿನ ಕುಣಿಕೆ, ಎಲಾಸ್ಟಿಕ್ ನನ್ನವು. ಮೊದಲು ಹಾಕಿದ ಎಲಾಸ್ಟಿಕ್ ತೆಳ್ಳಗಿತ್ತು, ಹಿಡಿಕೆ ಅರ್ಧಕ್ಕೇ ನಿಲ್ಲುತ್ತಿತ್ತು. ದಪ್ಪದ್ದು ಹಾಕಿದೆ, ಅದು ದಿನವಿಡೀ ಭುಜ ಜಗ್ಗಿತು. ತಪ್ಪು ದಪ್ಪದಲ್ಲಿ ಇರಲಿಲ್ಲ, ಉದ್ದದಲ್ಲಿತ್ತು. ಎದೆಪಟ್ಟಿಯ ಭುಜದ ಹತ್ತಿರ ಒಂದು ಚಿಕ್ಕ ರಾಟೆ ಕಟ್ಟಿ, ಎಲಾಸ್ಟಿಕ್ ಅನ್ನು ಅದರ ಮೇಲಿಂದ ಬೆನ್ನಿಗೆ ಇಳಿಸಿ, ಹಾರ್ನೆಸ್‌ನ ಹಿಂಭಾಗಕ್ಕೆ ಬಿಗಿದೆ. ಉದ್ದ ಜಾಸ್ತಿಯಾದದ್ದರಿಂದ ಮೊದಲಿನಿಂದ ಕೊನೆಯವರೆಗೆ ಎಳೆತ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಹಿಡಿಕೆ ಸರ್ ಅಂತ ಮೇಲೆ ಬಂತು. ಆ ದಿನದ ಖುಷಿ ಇನ್ನೂ ಮರೆತಿಲ್ಲ.

ಕಾಲಿನ ಕುಣಿಕೆಗೂ ಒಂದು ಉಪಾಯ ಬೇಕಾಯಿತು. ಬರೀ ಪಟ್ಟಿಯ ಕುಣಿಕೆ ಮುದುಡಿಕೊಂಡು ಬೂಟಿಗೆ ಸಿಗುವುದಿಲ್ಲ. ಅಂಗೈ ಅಗಲದ ರಬ್ಬರ್ ಪೈಪಿನ ತುಂಡನ್ನು ಪಟ್ಟಿಗೆ ಪೋಣಿಸಿದೆ. ಈಗ ಕುಣಿಕೆ ಬಾಯಿ ತೆರೆದುಕೊಂಡೇ ಇರುತ್ತದೆ, ಕೆಳಗೆ ನೋಡದೆ ಕಾಲಿಡಬಹುದು. ಆರು ವರ್ಷದಲ್ಲಿ ಪಟ್ಟಿ ಎರಡು ಸಲ ಬದಲಾಗಿದೆ, ಪೈಪು ಅದೇ.

ಇನ್ನು ಮಾಡಬಾರದಿದ್ದದ್ದು. ಒಂದೇ ಎಳೆಯಲ್ಲಿ ಹತ್ತಿದಾಗ ಪೂರ್ತಿ ಮೈಭಾರ ಹಿಡಿತದ ಗಂಟಿನ ಮೇಲೆ, ಅಂದರೆ ಹಾರ್ನೆಸ್ ಅನ್ನು ಹಗ್ಗಕ್ಕೆ ಹಿಡಿಸುವ ದಾರದ ಗಂಟಿನ ಮೇಲೆ ಬೀಳುತ್ತದೆ. ಗಂಟು ಕಚ್ಚಿ ಕೂತುಬಿಡುತ್ತದೆ, ಇಳಿಯಲು ಆಗುವುದಿಲ್ಲ. ಅದಕ್ಕೆ ರೋಪ್ ರೆಂಚ್ ಅನ್ನುವ ಲೋಹದ ಸಲಕರಣೆ ಇದೆ. ಗಂಟಿನ ಮೇಲುಗಡೆ ಕೂತು ಹಗ್ಗವನ್ನು ಸ್ವಲ್ಪ ಬಾಗಿಸಿ, ಭಾರದ ಒಂದು ಪಾಲನ್ನು ಉಜ್ಜಾಟದಲ್ಲೇ ತಡೆಯುತ್ತದೆ. ಅದನ್ನು ಕಂಡುಹಿಡಿದ ಕೆವಿನ್ ಬಿಂಗ್‌ಹ್ಯಾಮ್ ಕೂಡ ಮರ ಹತ್ತುವವರೇ. ಹಾಗಿದ್ದರೆ ನಾನೂ ಮಾಡಬಹುದಲ್ವಾ ಅಂದುಕೊಂಡೆ. ದಪ್ಪ ಅಲ್ಯೂಮಿನಿಯಂ ತಗಡು ಕತ್ತರಿಸಿ, ತೂತು ಕೊರೆದು, ಅಂಚನ್ನು ಅರದಿಂದ ಉಜ್ಜಿದೆ. ನೋಡಲು ನಯವಾಗಿತ್ತು.

ಎರಡು ವಾರಕ್ಕೆ ಹಗ್ಗದ ಮೇಲ್ಹೊದಿಕೆಯಲ್ಲಿ ಬಿಳಿ ನಾರು ಎದ್ದಿತು. ತೂತಿನ ಒಳಅಂಚಿಗೆ ಉಗುರು ಒತ್ತಿ ಎಳೆದರೆ ಉಗುರಿನಿಂದ ಸಣ್ಣ ಸಿಪ್ಪೆ ಬಂತು. ಕಣ್ಣಿಗೆ ಕಾಣದ ಆ ಅಂಚು ಪ್ರತಿ ಇಳಿತದಲ್ಲೂ ಹಗ್ಗ ತುರಿಯುತ್ತಿತ್ತು. ಅಂಚು ಇನ್ನಷ್ಟು ಉಜ್ಜಬಹುದಿತ್ತು ನಿಜ. ಆದರೆ ನನ್ನನ್ನು ನಿಲ್ಲಿಸಿದ್ದು ಬೇರೆ ಯೋಚನೆ. ಮರಗೆಲಸದ ಅಮೆರಿಕನ್ ಸುರಕ್ಷತಾ ಮಾನದಂಡ ಝಡ್133 ಪ್ರಕಾರ ಹತ್ತುವ ಹಗ್ಗ ಹೊಸದಿದ್ದಾಗ ಕನಿಷ್ಠ 5,400 ಪೌಂಡ್, ಅಂದರೆ ಸುಮಾರು 24 ಕಿಲೋನ್ಯೂಟನ್ ಎಳೆತ ತಡೆಯಬೇಕು. ನನ್ನ ತಗಡು ಎಷ್ಟಕ್ಕೆ ಬಾಗುತ್ತದೆ, ಎಷ್ಟಕ್ಕೆ ಸೀಳುತ್ತದೆ ಅಂತ ಅಳೆಯುವ ಯಂತ್ರ ಮನೆಯಲ್ಲಿಲ್ಲ. ಆವತ್ತೇ ಅದನ್ನು ಕಳಚಿದೆ, ಆ ಹಗ್ಗವನ್ನೂ ಹತ್ತುವ ಕೆಲಸದಿಂದ ತೆಗೆದೆ. ಈಗ ಕಂಪನಿಯದ್ದೇ ಬಳಸುತ್ತೇನೆ. ನನ್ನನ್ನು ಮೇಲೆತ್ತಲು ನೆರವಾಗುವುದನ್ನು ನಾನು ಮಾಡಿಕೊಳ್ಳುತ್ತೇನೆ. ನನ್ನನ್ನು ಹಿಡಿದು ನಿಲ್ಲಿಸುವುದು ಪರೀಕ್ಷೆ ಆಗಿಯೇ ಬರಬೇಕು. ಎಲಾಸ್ಟಿಕ್ ಕಿತ್ತುಹೋದರೆ ಹತ್ತುವುದು ತಡವಾಗುತ್ತದೆ, ಅಷ್ಟೇ.

ಗಂಟಿನ ದಾರದ ಬಗ್ಗೆಯೂ ಒಂದು ಮಾತು. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ 1931ರಲ್ಲಿ ಪ್ರಕಟಿಸಿದ ಹಿಡಿತದ ಗಂಟು ಇಂದಿಗೂ ನಡೆಯುತ್ತದೆ, ಆದರೆ ಇಳಿಯುವಾಗ ಉಜ್ಜಾಟಕ್ಕೆ ಗಂಟು ಬಿಸಿಯಾಗುವುದರಿಂದ ಯಾವ ದಾರದಲ್ಲಿ ಹಾಕುತ್ತೀರಿ ಅನ್ನುವುದು ಮುಖ್ಯ. ಡೈನೀಮಾ ಅನ್ನುವ ಪ್ಲಾಸ್ಟಿಕ್ ನಾರು ತುಂಬಾ ಗಟ್ಟಿ, ಆದರೆ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಪಾಲಿಯೆಸ್ಟರ್ ಕರಗುವುದು ಸುಮಾರು 250ಕ್ಕೆ. ಕೆವ್ಲಾರ್ ಜಾತಿಯ ಅರಾಮಿಡ್ ನಾರು ಕರಗುವುದೇ ಇಲ್ಲ, ಇನ್ನೂ ಮೇಲಿನ ಶಾಖಕ್ಕೆ ಸುಟ್ಟು ಕರಕಲಾಗುತ್ತದೆ. ಸುಮ್ನೆ ಮನೆಯಲ್ಲಿದ್ದ ದಾರ ಕಟ್ಟಿಕೊಂಡು ಒಂದೇ ಸಲ ವೇಗವಾಗಿ ಇಳಿದೆ. ಗಂಟಿನ ಒಳಮೈ ಗಾಜಿನ ಹಾಗೆ ಹೊಳೆಯುತ್ತಿತ್ತು, ಮುಟ್ಟಿದರೆ ಬಿರುಸು. ಆಮೇಲೆ ಅರಾಮಿಡ್ ಹೊದಿಕೆಯ ದಾರವನ್ನೇ ತಂದೆ.

ಉಳಿದವು ಚಿಕ್ಕಪುಟ್ಟವು. ಕವಲಿನ ತೊಗಟೆ ಸುಲಿಯದಂತೆ ಹಗ್ಗಕ್ಕೆ ತೊಡಿಸುವ ಚರ್ಮದ ತೋಳು ನಾನೇ ಹೊಲಿದದ್ದು, ಚೆನ್ನಾಗಿದೆ. ಹಗ್ಗ ಏರಿಸಲು ಮೊದಲು ಕವಲಿನ ಮೇಲೆ ಎಸೆಯುವ ತೆಳು ದಾರದ ತುದಿಯ ಚೀಲಕ್ಕೆ ಮರಳು ತುಂಬಿದ್ದೆ, ಹೊಲಿಗೆಯಿಂದ ಸೋರಿ ಹಗುರವಾಯಿತು. ಕಬ್ಬಿಣದ ಸಣ್ಣ ಗುಂಡು ತುಂಬಿದ ಮೇಲೆ ಗುರಿ ಸರಿಹೋಯಿತು. ನನ್ನ ಕೈಗೆ 350 ಗ್ರಾಂ ಹಿತ.

ಯಾವುದೇ ಭಾಗ ಬದಲಿಸಿದರೂ ನೆಲದಿಂದ ಎರಡು ಅಡಿ ಎತ್ತರದಲ್ಲೇ ಹತ್ತಾರು ಸಲ ಹತ್ತಿಳಿದು ನೋಡುತ್ತೇನೆ, ಕುಲುಕಿ ಭಾರ ಹಾಕುತ್ತೇನೆ. ಎಲಾಸ್ಟಿಕ್‌ನ ಹೊದಿಕೆ ವರ್ಷಕ್ಕೊಮ್ಮೆ ಜುಂಜಾಗುತ್ತದೆ. ಕಳೆದ ವಾರ ಹೊಸದು ಹಾಕಿದೆ, ಕಳೆದ ಸಲಕ್ಕಿಂತ ಒಂದು ಗೇಣು ಉದ್ದ ಬಿಟ್ಟಿದ್ದೇನೆ. ಎಡಗಾಲು ಇನ್ನೂ ಹಗುರವಾಗಿ ಏಳುತ್ತಿದೆ.